ಗೊತ್ತಿಲ್ಲದ ನೊಣ ಕಂಡರೆ ಮೊದಲು ರೆಕ್ಕೆಯ ಫೋಟೊ ತೆಗೆಯಿರಿ
ತೋಟದಲ್ಲಿ ಹೆಸರು ತಿಳಿಯದ ನೊಣ ಕಂಡರೆ ಮೊದಲ ಫೋಟೊವನ್ನು ನೇರ ಮೇಲಿನಿಂದ, ರೆಕ್ಕೆಯ ನರಗಳು ಬಿಡಿಬಿಡಿಯಾಗಿ ಕಾಣುವಂತೆ ತೆಗೆಯಿರಿ. ಎರಡನೆಯದನ್ನು ಮುಖದ ಎದುರಿನಿಂದ, ತಲೆಯ ಮೇಲಿನ ಕುಡಿಮೀಸೆ (ಆಂಟೆನಾ) ಸ್ಪಷ್ಟವಾಗುವಂತೆ. ಮೈಬಣ್ಣ ನಂಬಿದರೆ ಕೆಟ್ಟಿರಿ: ಹಳದಿ-ಕಪ್ಪು ಪಟ್ಟೆ ಕಣಜಕ್ಕೂ ಇದೆ, ಅದರ ವೇಷ ಹಾಕಿ ಬದುಕುವ ಹೂನೊಣಕ್ಕೂ ಇದೆ. ನರಗಳ ವಿನ್ಯಾಸವಾದರೋ ಒಂದು ಕುಟುಂಬದೊಳಗೆ, ಅಂದರೆ ಹತ್ತಿರದ ಜಾತಿಗಳ ಗುಂಪಿನೊಳಗೆ, ಅಷ್ಟಾಗಿ ಬದಲಾಗುವುದಿಲ್ಲ. ಹೂನೊಣದ ರೆಕ್ಕೆಯಲ್ಲಿ ಕೆಲವು ನರಗಳು ಹಿಂಬದಿಯ ಅಂಚಿಗೆ ಸಮಾನಾಂತರವಾಗಿ ಓಡುವುದರಿಂದ ಅಂಚಿನ ಒಳಗೆ ಇನ್ನೊಂದು ಸುಳ್ಳು ಅಂಚು ಇದ್ದಂತೆ ಕಾಣುತ್ತದೆ; ಸಾಮಾನ್ಯವಾಗಿ ರೆಕ್ಕೆಯ ನಡುವೆ ಯಾವ ನರಕ್ಕೂ ಕೂಡಿಕೊಳ್ಳದ ಮಸುಕು ಗೆರೆಯೊಂದೂ ಇರುತ್ತದೆ. ಇವೆರಡೂ ಸಿಕ್ಕರೆ ಕುಟುಂಬದ ಮಟ್ಟಿಗೆ ಅನುಮಾನ ಬೇಡ. ನರಗಳೆಲ್ಲ ಮುಂದಿನ ಅಂಚಿನ ಕಡೆಗೇ ಒತ್ತೊತ್ತಾಗಿ ಸೇರಿ, ನಡುವೆ ಒಂದು ಪುಟ್ಟ ಕೋಶ (ನರಗಳು ಸುತ್ತುವರಿದ ಜಾಗ) ಉಳಿದಿದ್ದರೆ ಸೈನಿಕ ನೊಣವಿರಬಹುದು; ಗೊಬ್ಬರದ ಗುಂಡಿಯ ಬಳಿ ಅದು ಹೆಚ್ಚು. ಕಣಜಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ; ಆದರೂ ಕಣಜವೋ ನೊಣವೋ ಎಂಬ ಗೊಂದಲಕ್ಕೆ ರೆಕ್ಕೆ ಎಣಿಸುವುದು ಅಷ್ಟು ಸುಲಭದ ದಾರಿಯಲ್ಲ, ಏಕೆಂದರೆ ಕಣಜದ ಹಿಂದಿನ ರೆಕ್ಕೆ ಮುಂದಿನದಕ್ಕೆ ಕೊಕ್ಕೆ ಹಾಕಿಕೊಂಡು ಒಂದೇ ಎಂಬಂತೆ ಕಾಣುತ್ತದೆ. ಅಲ್ಲಿ ಕುಡಿಮೀಸೆ ನೋಡಿ: ಹೂನೊಣಗಳಲ್ಲಿ ಅದು ಹೆಚ್ಚಾಗಿ ಮೋಟು, ಮೇಲೊಂದು ಕೂದಲು, ಕಣಜದ್ದು ಉದ್ದ. ತಂಪು ಹೊತ್ತಿನ ಬೆಳಗ್ಗೆ ನೊಣಗಳು ಜಡವಾಗಿರುತ್ತವೆ, ಫೋಟೊಗೆ ಅದೇ ಸಮಯ. ಆದರೆ ಈ ಉಪಾಯ ಜಾತಿಯವರೆಗೆ ಎಲ್ಲ ಸಲವೂ ಒಯ್ಯುವುದಿಲ್ಲ. ಎದೆಯ ಮೇಲೆ ಮೂರು ಕಪ್ಪು ಗೆರೆಯಿರುವ ಬೂದು ಬಣ್ಣದ ಮಾಂಸನೊಣಗಳಲ್ಲಿ ಬಹುತೇಕ ಜಾತಿಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಂಥದ್ದಕ್ಕೆ ಫೋಟೊ ನೋಡಿ ಪೂರ್ತಿ ಹೆಸರು ಹೇಳುವವರನ್ನು ಸುಮ್ಮನೆ ನಂಬಬೇಡಿ.