ಎಐ ಡಿಟೆಕ್ಟರ್ ಕೊಡುವ ಶೇಕಡಾವನ್ನು ನಾನು ಹೇಗೆ ಪರೀಕ್ಷಿಸುತ್ತೇನೆ

ಪದವಿ ತರಗತಿಯ ಇಂಗ್ಲಿಷ್ ಅಸೈನ್‌ಮೆಂಟ್ ತಿದ್ದುವವರ ಮುಂದೆ ಈಗ ಎರಡು ಶೇಕಡಾಗಳು ಬಂದು ಕೂರುತ್ತವೆ: ಒಂದು ಸಿಮಿಲಾರಿಟಿ, ಇನ್ನೊಂದು ಎಐ (ಬರಹ ಯಂತ್ರದ್ದೇ ಎಂದು ಊಹಿಸುವ ಡಿಟೆಕ್ಟರ್ ಕೊಡುವುದು). ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಅನಾಹುತ ಆಗುತ್ತಿದೆ. ಸಿಮಿಲಾರಿಟಿ ವರದಿ ಯಾವ ಸಾಲು ಎಲ್ಲಿಂದ ಬಂತು ಎಂದು ಮೂಲದ ಸಮೇತ ತೋರಿಸುತ್ತದೆ, ಬೇಕಾದರೆ ನಾವೇ ತೆರೆದು ಹೋಲಿಸಬಹುದು. ಎಐ ವರದಿಗೆ ಮೂಲವೇ ಇಲ್ಲ, ಅದು ಅಂದಾಜು ಮಾತ್ರ. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯಲ್ಲಿರುವ ಶೇ 10, 40, 60ರ ಮಿತಿಗಳು ಸಿಮಿಲಾರಿಟಿಗೆ ಸೇರಿದವು. ಅವನ್ನೇ ಎಐ ಅಂಕಿಗೂ ಅನ್ವಯಿಸಿ ಇಂಟರ್ನಲ್ಸ್ ಅಂಕ ಕಡಿಯುವುದಕ್ಕೆ ಯಾವ ಆಧಾರವೂ ಇಲ್ಲ.

ಆ ಅಂಕಿ ಏನನ್ನು ಹೇಳುತ್ತದೆ ಎಂಬುದೂ ಒಂದೊಂದು ಸಾಧನದಲ್ಲಿ ಒಂದೊಂದು ಥರ. ಕಾಲೇಜುಗಳು ಬಳಸುವ ಟರ್ನಿಟಿನ್ ಎಂಬ ಸಾಧನದಲ್ಲಿ ಶೇ 40 ಬಂದರೆ, ಲೆಕ್ಕಕ್ಕೆ ಹಿಡಿದ ಗದ್ಯದಲ್ಲಿ ಅಷ್ಟು ಭಾಗ ಯಂತ್ರದ್ದು ಎಂದು ಅದು ಊಹಿಸಿದೆ ಎಂದರ್ಥ. ಬೇರೆ ಕೆಲವು ಸಾಧನಗಳಲ್ಲಿ ಅದೇ ಅಂಕಿ, ಇಡೀ ಬರಹ ಯಂತ್ರದ್ದಾಗಿರುವ ಸಂಭವ ಎಷ್ಟು ಎಂಬುದನ್ನು ಹೇಳುತ್ತದೆ. ಟರ್ನಿಟಿನ್ 300 ಪದಕ್ಕಿಂತ ಕಡಿಮೆ ಇರುವ ಬರಹವನ್ನು ಎಐ ಪತ್ತೆಗೆ ನೋಡುವುದೇ ಇಲ್ಲ. ಶೇ 1ರಿಂದ 19ರವರೆಗೆ ಬಂದರೆ ಸಂಖ್ಯೆ ತೋರಿಸದೆ ನಕ್ಷತ್ರ ಚಿಹ್ನೆ ಹಾಕುತ್ತದೆ, ಅಲ್ಲಿ ತಪ್ಪು ಹೆಚ್ಚು ಎಂಬ ಕಾರಣಕ್ಕೆ. ಕಂಪನಿಯೇ ಹಿಂಜರಿಯುವ ಜಾಗದಲ್ಲಿ ನಾವು ಧೈರ್ಯವಾಗಿ ತೀರ್ಪು ಕೊಡುವುದು ಸರಿಯಲ್ಲ.

ಮೊದಮೊದಲು ಬಂದ ಡಿಟೆಕ್ಟರ್‌ಗಳಲ್ಲಿ ಹೆಚ್ಚಿನವು ಅಳೆಯುತ್ತಿದ್ದುದು, ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಇದಕ್ಕೆ ಪರ್ಪ್ಲೆಕ್ಸಿಟಿ ಎನ್ನುತ್ತಾರೆ. ಊಹೆ ಸುಲಭವಾದಷ್ಟೂ ಪರ್ಪ್ಲೆಕ್ಸಿಟಿ ಕಡಿಮೆ, ‘ಯಂತ್ರ ಬರೆದದ್ದು’ ಎಂಬ ಗುಮಾನಿ ಜಾಸ್ತಿ. ನಮ್ಮ ಮಕ್ಕಳು ಪಿಯುಸಿ ಗೈಡುಗಳಿಂದ ಬಾಯಿಪಾಠ ಮಾಡಿರುವ ಒಂದು ವಾಕ್ಯವನ್ನೇ ನೋಡಿ: ‘ಮೊಬೈಲ್ ಫೋನ್ಸ್ ಪ್ಲೇ ಎ ವೈಟಲ್ ರೋಲ್ ಇನ್ ಅವರ್ ಡೇ ಟು ಡೇ ಲೈಫ್’. ‘ಪ್ಲೇ ಎ ವೈಟಲ್’ ಆದಮೇಲೆ ‘ರೋಲ್’ ಬಿಟ್ಟು ಬೇರೇನು ಬಂದೀತು? ‘ಡೇ ಟು ಡೇ’ ಆದಮೇಲೆ ‘ಲೈಫ್’. ಇಡೀ ವಾಕ್ಯದಲ್ಲಿ ಅನಿರೀಕ್ಷಿತ ಪದ ಒಂದೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಕಷ್ಟಪಟ್ಟು, ಗೊತ್ತಿರುವ ಪದಗಳಲ್ಲೇ ತಪ್ಪಿಲ್ಲದೆ ಬರೆದ ಹುಡುಗಿ ಈ ಅಳತೆಗೋಲಿಗೆ ಯಂತ್ರದಂತೆಯೇ ಕಾಣುತ್ತಾಳೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ (ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ) ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟು ಪ್ರಬಂಧಗಳು ಎಐ ಎಂಬ ಹಣೆಪಟ್ಟಿ ಪಡೆದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಇಂಥ ತಪ್ಪು ತೀರಾ ಕಡಿಮೆ. ಅದೇ ಟೋಫೆಲ್ ಪ್ರಬಂಧಗಳ ಪದಸಂಪತ್ತನ್ನು ಚಾಟ್‌ಜಿಪಿಟಿಯಿಂದ ಹೆಚ್ಚಿಸಿ ಮತ್ತೆ ಕೊಟ್ಟಾಗ ತಪ್ಪು ಶೇ 12ರ ಆಸುಪಾಸಿಗೆ ಇಳಿಯಿತು. ಅಂದರೆ ಸ್ವಂತವಾಗಿ ಬರೆದವರು ಸಿಕ್ಕಿಬಿದ್ದರು, ಎಐ ಬಳಸಿದ ಮೇಲೆ ಪಾರಾದರು! ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ಜನವರಿ 2023ರಲ್ಲಿ ತಂದ ಕ್ಲಾಸಿಫೈಯರ್ (ಡಿಟೆಕ್ಟರ್), ಅದರದೇ ಪರೀಕ್ಷೆಯಲ್ಲಿ ಯಂತ್ರದ ಬರಹದ ಶೇ 26ನ್ನು ಮಾತ್ರ ಹಿಡಿದಿತ್ತು, ಮನುಷ್ಯರ ಬರಹದ ಶೇ 9ನ್ನು ತಪ್ಪಾಗಿ ಯಂತ್ರದ್ದೆಂದಿತ್ತು. ಆ ವರ್ಷದ ಜುಲೈನಲ್ಲಿ, ನಿಖರತೆ ಕಡಿಮೆ ಎಂದು ಹೇಳಿ ಅದನ್ನು ಹಿಂತೆಗೆದುಕೊಂಡರು.

ಹಾಗಾಗಿ ಯಾವುದೇ ಡಿಟೆಕ್ಟರ್ ಕೈಗೆ ಬಂದರೂ ಮೊದಲು ಅದಕ್ಕೇ ಪರೀಕ್ಷೆ ಇಡುತ್ತೇನೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಅದಕ್ಕಿಂತ ಮುಂಚೆ ನಮ್ಮದೇ ಕಾಲೇಜಿನ ಮಕ್ಕಳು ಬರೆದ ಪ್ರಬಂಧಗಳು ಹಳೆಯ ಇಮೇಲ್‌ನಲ್ಲೋ ಗೂಗಲ್ ಕ್ಲಾಸ್‌ರೂಮ್‌ನಲ್ಲೋ ಇದ್ದೇ ಇರುತ್ತವೆ. ಬುದ್ಧಿವಂತರದ್ದು, ಸಾಧಾರಣದವರದ್ದು, ಕನ್ನಡ ಮಾಧ್ಯಮದವರದ್ದು ಎಂದು ಬೆರೆಸಿ ಕನಿಷ್ಠ 50 ಆರಿಸಬೇಕು. ಹೆಸರು, ರಿಜಿಸ್ಟರ್ ನಂಬರ್, ಮುಖಪುಟ ಎಲ್ಲ ತೆಗೆದುಹಾಕಬೇಕು. ಉಚಿತ ತಾಣಗಳಿಗೆ ಹಾಕಿದ್ದು ಎಲ್ಲಿ ಉಳಿಯುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಪಟ್ಟಿ, ಕೋಷ್ಟಕ, ಉಲ್ಲೇಖಗಳನ್ನೂ ಬಿಟ್ಟು ಗದ್ಯವನ್ನಷ್ಟೇ ಕೊಡಬೇಕು. ಇವುಗಳಲ್ಲಿ ಎಐ ಎಂದು ಬಂದ ಪ್ರತಿಯೊಂದೂ ಡಿಟೆಕ್ಟರ್‌ನ ತಪ್ಪು, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಅದೇ ವಿಷಯಗಳ ಮೇಲೆ ಎಐ ಬರೆದದ್ದು ಒಂದಿಷ್ಟು, ಎಐ ಬರೆದದ್ದನ್ನು ಪ್ಯಾರಾಫ್ರೇಸ್ ಆ್ಯಪ್‌ಗೆ (ಅದೇ ಅರ್ಥವನ್ನು ಬೇರೆ ಪದಗಳಲ್ಲಿ ಬರೆದುಕೊಡುವ ಆ್ಯಪ್) ಹಾಕಿ ತೆಗೆದದ್ದು ಒಂದಿಷ್ಟು ಬೇರೆಬೇರೆ ಇಟ್ಟುಕೊಂಡು ಅವನ್ನೂ ಕೊಡಬೇಕು. ಮೂರನೆಯ ಗುಂಪಿನಲ್ಲಿ ಡಿಟೆಕ್ಟರ್‌ಗಳು ಎಡವುತ್ತವೆ. 2023ರ ಒಂದು ಅಧ್ಯಯನದಲ್ಲಿ ಡಿಟೆಕ್ಟ್‌ಜಿಪಿಟಿ ಎಂಬ ವಿಧಾನದ ಪತ್ತೆ ಪ್ರಮಾಣ ಪ್ಯಾರಾಫ್ರೇಸ್ ಆದಮೇಲೆ ಶೇ 70.3ರಿಂದ 4.6ಕ್ಕೆ ಕುಸಿದಿತ್ತು.

ಹಳೆಯ 50ರಲ್ಲಿ ಒಂದೂ ತಪ್ಪು ಬರಲಿಲ್ಲ ಎಂದು ನೆಮ್ಮದಿಪಡುವ ಹಾಗಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ: 3ನ್ನು ನೋಡಿದ ಒಟ್ಟು ಸಂಖ್ಯೆಯಿಂದ ಭಾಗಿಸಿ. 50ರಲ್ಲಿ ಸೊನ್ನೆ ತಪ್ಪು ಬಂದರೂ ನಿಜವಾದ ತಪ್ಪಿನ ಪ್ರಮಾಣ ಶೇ 6ರವರೆಗೂ ಇರಬಹುದು. ಶೇ 1ಕ್ಕಿಂತ ಕಡಿಮೆ ಎನ್ನಬೇಕಾದರೆ 300 ಪ್ರಬಂಧ ಬೇಕು, ಅಷ್ಟರಲ್ಲೂ ಒಂದೂ ತಪ್ಪಿರಬಾರದು.

ಇನ್ನೊಂದು ಲೆಕ್ಕವನ್ನು ವಿಭಾಗದ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುವುದು ಒಳ್ಳೆಯದು. 200 ಅಸೈನ್‌ಮೆಂಟ್, ಅವುಗಳಲ್ಲಿ 20 ನಿಜವಾಗಿ ಎಐ ಬರೆದದ್ದು ಎಂದಿಟ್ಟುಕೊಳ್ಳಿ. ಡಿಟೆಕ್ಟರ್ ಶೇ 60ನ್ನು ಹಿಡಿದರೆ 12 ಸಿಕ್ಕವು. ಉಳಿದ 180ರಲ್ಲಿ ಶೇ 5 ತಪ್ಪಾದರೆ 9 ನಿರಪರಾಧಿಗಳು. ಒಟ್ಟು 21 ಜನರನ್ನು ಕರೆಸಿದರೆ ಅವರಲ್ಲಿ 9 ಮಂದಿ ಏನೂ ಮಾಡಿಲ್ಲ, ಮಾಡಿದವರಲ್ಲಿ 8 ಮಂದಿ ಹೊರಗೇ ಇದ್ದಾರೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರಲ್ಲಿ ಟರ್ನಿಟಿನ್‌ನ ಎಐ ಪತ್ತೆಯನ್ನು ನಿಲ್ಲಿಸಿದಾಗ ಕೊಟ್ಟ ಲೆಕ್ಕವೂ ಇದೇ ಬಗೆಯದು: ವರ್ಷಕ್ಕೆ 75,000 ಬರಹಗಳಿಗೆ ಶೇ 1 ತಪ್ಪಾದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ.

ಅದಕ್ಕೇ ನಾನು ನೆಚ್ಚಿಕೊಂಡಿರುವುದು ಬರೆದ ಜಾಡನ್ನು. ಅಸೈನ್‌ಮೆಂಟ್ ಕೊಡುವ ದಿನವೇ ಗೂಗಲ್ ಡಾಕ್ಸ್‌ನಲ್ಲಿ ಬರೆಯಲು ಹೇಳಿ, ಎಡಿಟರ್ ಅನುಮತಿಯೊಂದಿಗೆ ಲಿಂಕ್ ತೆಗೆದುಕೊಳ್ಳುತ್ತೇನೆ. ವ್ಯೂವರ್ ಅನುಮತಿ ಇದ್ದರೆ ವರ್ಷನ್ ಹಿಸ್ಟರಿ (ಬರಹ ಹಂತಹಂತವಾಗಿ ಬೆಳೆದ ದಾಖಲೆ) ಕಾಣುವುದಿಲ್ಲ, ‘ಮೇಕ್ ಎ ಕಾಪಿ’ ಮಾಡಿ ಕಳಿಸಿದರೆ ಹಳೆಯ ಹಿಸ್ಟರಿ ಹೊಸ ಫೈಲಿಗೆ ಬರುವುದಿಲ್ಲ. ಇವೆರಡನ್ನೂ ಮೊದಲೇ ಹೇಳಿರಬೇಕು. ವರ್ಡ್ ಫೈಲ್ ಆದರೆ ‘ಇನ್ಫೋ’ದಲ್ಲಿ ಒಟ್ಟು ಎಡಿಟಿಂಗ್ ಸಮಯ ಸಿಗುತ್ತದೆ, ಆದರೆ ಫೈಲ್ ತೆರೆದಿಟ್ಟು ಊಟಕ್ಕೆ ಹೋದರೂ ಅದು ಏರುತ್ತದೆ, ಹೊಸ ಫೈಲಿಗೆ ಪೇಸ್ಟ್ ಮಾಡಿದರೆ ಸೊನ್ನೆಯ ಹತ್ತಿರ ಇರುತ್ತದೆ. ಹಿಸ್ಟರಿಯಲ್ಲಿ 400 ಪದ ಒಂದೇ ಏಟಿಗೆ ಬಂದು ಕೂತಿದ್ದರೂ ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಎಷ್ಟೋ ಮಕ್ಕಳು ಬಸ್ಸಿನಲ್ಲಿ ಫೋನಿನ ನೋಟ್ಸ್‌ನಲ್ಲಿ ಬರೆದು ಆಮೇಲೆ ಪೇಸ್ಟ್ ಮಾಡುತ್ತಾರೆ.

ಅನುಮಾನ ಬಂದರೆ ಐದು ನಿಮಿಷದ ವೈವಾ. ಅವರದೇ ಪ್ರಬಂಧದ ಒಂದು ಪ್ಯಾರಾ ಮುಚ್ಚಿ, ಅಲ್ಲಿ ಏನು ಹೇಳಿದ್ದೀಯ ಎಂದು ಕನ್ನಡದಲ್ಲೇ ಕೇಳುತ್ತೇನೆ. ಇಂಗ್ಲಿಷಿನಲ್ಲಿ ಕೇಳಿದರೆ ಭಾಷೆಯ ಹೆದರಿಕೆ ಅಜ್ಞಾನದ ಹಾಗೆ ಕಾಣುತ್ತದೆ. ಉಲ್ಲೇಖಿಸಿದ ಪುಸ್ತಕವನ್ನು ಲೈಬ್ರರಿಯಲ್ಲೋ ಆನ್‌ಲೈನ್ ಕ್ಯಾಟಲಾಗ್‌ನಲ್ಲೋ ಹುಡುಕುತ್ತೇನೆ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಕೊಟ್ಟಿದ್ದರೆ, ಯಾವ ಡಿಟೆಕ್ಟರ್‌ಗಿಂತಲೂ ಅದು ಗಟ್ಟಿ ಪುರಾವೆ. ಅಂಕ ಕಡಿಯುವುದಾದರೂ ಅದೇ ಕಾರಣವನ್ನು ಬರೆದು ಕಡಿಯುತ್ತೇನೆ, ಡಿಟೆಕ್ಟರ್‌ನ ಶೇಕಡಾವನ್ನು ದಾಖಲೆಗೆ ಸೇರಿಸುವುದಿಲ್ಲ.

ಕನ್ನಡ ಪ್ರಬಂಧಗಳಿಗಂತೂ ಈ ಡಿಟೆಕ್ಟರ್‌ಗಳನ್ನು ಮುಟ್ಟಲೇಬೇಡಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್ (ಕಂಪ್ಯೂಟರ್ ದತ್ತಾಂಶದ ಚೂರು). ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಆಯ್ಕೆ. ಜಿಪಿಟಿ-2ರಂಥ ಇಂಗ್ಲಿಷ್ ಎಐ ಮಾದರಿಯ ಮೇಲೆ ಕಟ್ಟಿದ ಡಿಟೆಕ್ಟರ್ ಅಕ್ಷರವನ್ನು ಹೀಗೆ ಚೂರು ಮಾಡಿ ಓದುವಾಗ ಮುಂದಿನ ಚೂರು ಬಹುಪಾಲು ಊಹೆಗೆ ಸಿಕ್ಕಿಬಿಡುತ್ತದೆ. ಬರೆದವರು ಯಾರೇ ಆಗಲಿ, ಪರ್ಪ್ಲೆಕ್ಸಿಟಿ ಕೃತಕವಾಗಿ ಇಳಿಯುತ್ತದೆ. ಕೆಲವರು ಕನ್ನಡ ಪ್ರಬಂಧವನ್ನು ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಇಂಗ್ಲಿಷಿಗೆ ತಿರುಗಿಸಿ ಪರೀಕ್ಷೆ ಮಾಡುವುದುಂಟು. ಆಗ ಡಿಟೆಕ್ಟರ್ ನೋಡುತ್ತಿರುವುದು ಗೂಗಲ್ ಬರೆದ ಇಂಗ್ಲಿಷನ್ನು, ವಿದ್ಯಾರ್ಥಿಯ ಬರಹವನ್ನಲ್ಲ.