ಒಂದು ವಾಕ್ಯ ಕೇಳಿದೆ, ಇಡೀ ಅಧ್ಯಾಯ ಓದಿದೆ

ಗುಳೇದಗುಡ್ಡದಲ್ಲಿ ನಮ್ಮದು ಬಾಸೆಲ್ ಮಿಶನ್ ಕಾಲದ ಹಳೇ ಕ್ರೈಸ್ತ ಸಭೆಯ ಮನೆತನ. ಬುಧವಾರ ಸಂಜೆಯ ಬೈಬಲ್ ಕ್ಲಾಸ್ ನಾನೇ ನಡೆಸುತ್ತೇನೆ. ಊರಲ್ಲಿ ಉಜ್ಜೀವನ ಕೂಟಗಳು, ಅಂದರೆ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪ್ರಾರ್ಥನಾ ಕೂಟಗಳು, ಜಾಸ್ತಿಯಾದ ಮೇಲೆ ಕ್ಲಾಸಿನಲ್ಲಿ ಅಭಿಷೇಕ (ಆತ್ಮ ಮೈಮೇಲೆ ಇಳಿಯುವುದು), ಅನ್ಯಭಾಷೆ (ಆತ್ಮಪ್ರೇರಣೆಯಿಂದ ಗೊತ್ತಿಲ್ಲದ ಭಾಷೆ ಆಡುವುದು), ಪ್ರವಾದನೆ (ದೇವರು ತಿಳಿಸಿದ್ದೆಂದು ಹೇಳುವ ಮಾತು) ಬಗ್ಗೆ ಪ್ರಶ್ನೆ ಬರತೊಡಗಿದವು. ಏನೋ ಒಂದು ಹೇಳಿ ಮುಂದೆ ಹೋಗುತ್ತಿದ್ದೆ. ನಮ್ಮ ಚಿಗವ್ವ ಶುಗರ್ ಗುಳಿಗೆ ನಿಲ್ಲಿಸಿದ ದಿನ ಹಾಗೆ ಮಾಡಲು ಆಗಲಿಲ್ಲ.

ಕೂಟದಲ್ಲಿ ಬೋಧಕರು ಹಳೇ ಒಡಂಬಡಿಕೆಯ ಯೆಶಾಯ 53:5 ಓದಿದ್ದರು, ನಾವು ಕ್ರೈಸ್ತರು ಯೇಸುವಿನ ಬಗ್ಗೆ ಎಂದು ಓದುವ ಮಾತು. "ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು." ಗುಣವಾಯಿತು ಅಂದರೆ ಆಗಿಹೋಗಿದೆ, ಇನ್ನೂ ಗುಳಿಗೆ ನುಂಗಿದರೆ ಅದು ಅಪನಂಬಿಕೆ ಅಂದರಂತೆ. ಚಿಗವ್ವ ನನ್ನನ್ನೇ ಕೇಳಿದಳು: "ದೇವರ ಮಾತು ಸುಳ್ಳ ಆಕ್ಕೈತೇನು ತಮ್ಮಾ?" ಆ ವಾಕ್ಯ ನನಗೆ ಬಾಯಿಪಾಠ. ಆದರೆ ಅದರ ಜಾಡು ಹಿಡಿದು ಯಾವತ್ತೂ ಓದಿರಲಿಲ್ಲ.

ಅವತ್ತು ರಾತ್ರಿ ಕೂತೆ. ಹೊಸ ಒಡಂಬಡಿಕೆ ಆ ಅಧ್ಯಾಯವನ್ನು ಎಲ್ಲೆಲ್ಲಿ ಎತ್ತುತ್ತದೆ ಎಂದು ಹುಡುಕಿದೆ. ಮತ್ತಾಯ 8:17ರಲ್ಲಿ ಯೇಸು ರೋಗಿಗಳನ್ನು ಗುಣಮಾಡಿದಾಗ ಬರುತ್ತದೆ. ಅಂದರೆ ಕೂಟದವರು ಹೇಳುವುದರಲ್ಲಿ ಹುರುಳಿದೆ. ನಾವು ಹಳೇ ಸಭೆಯವರು ಮತ್ತಾಯನ ಈ ಮಾತು ಎತ್ತುವುದೇ ಕಮ್ಮಿ. 1 ಪೇತ್ರ 2:24ರಲ್ಲಿ ಅದೇ ಬಾಸುಂಡೆಯ ಮಾತು ಪಾಪದ ಬಗ್ಗೆ ಬರುತ್ತದೆ. ಕೂಟದಲ್ಲಿ ಈ ವಾಕ್ಯವನ್ನೂ ಹೇಳುತ್ತಾರೆ, ಆದರೆ ಪಾಪದ ಮಾತಿರುವ ಮೊದಲರ್ಧ ಬಿಟ್ಟುಹೋಗಿರುತ್ತದೆ.

ಮರುದಿನ ಚಿಗವ್ವನ ಪಕ್ಕ ಕೂತು 2 ತಿಮೊಥೆಯ 4:20 ಓದಿದೆ. ಜೊತೆಗಾರ ತ್ರೊಫಿಮನಿಗೆ ಮೈಗೆ ಹುಷಾರಿರಲಿಲ್ಲ, ಅಪೊಸ್ತಲ ಪೌಲ ಅವನನ್ನು ಮಿಲೇತ ಪಟ್ಟಣದಲ್ಲೇ ಬಿಟ್ಟುಬಂದ. ಪೌಲನ ಮೈಮೇಲಿನ ಬಟ್ಟೆ ಒಯ್ದು ಹಾಕಿದರೂ ರೋಗಿಗಳು ಗುಣವಾಗುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಅದೇ ಪೌಲ! ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ತಿಮೊಥೆಯನಿಗೆ ಬರೆದವನೂ ಅವನೇ. "ಪೌಲನಿಗೆ ನಂಬಿಕೆ ಕಮ್ಮಿ ಇತ್ತೇನು ಚಿಗವ್ವಾ?" ಎಂದೆ. ಚಿಗವ್ವ ಮಾತಾಡಲಿಲ್ಲ. ಚಾಳೀಸು ಏರಿಸಿ, ಬೆರಳಿಟ್ಟು ತಾನೇ ಇನ್ನೊಮ್ಮೆ ಓದಿದಳು. ಆಮೇಲೆ ಗುಳಿಗೆಯ ಸ್ಟ್ರಿಪ್ ತಂದು ಆ ಪುಟದಲ್ಲೇ ಇಟ್ಟು ಬೈಬಲ್ ಮುಚ್ಚಿದಳು. ರಾತ್ರಿ ಊಟವಾದ ಮೇಲೆ ಅಲ್ಲಿಂದಲೇ ಒಂದು ತೆಗೆದು ನುಂಗಿದಳು. ಪ್ರಾರ್ಥನೆಯನ್ನೇನೂ ಬಿಡಲಿಲ್ಲ.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಕೂಟಕ್ಕೆ ಹೋಗಿ ಹಿಂದೆ ಕೂತು, ಹೇಳಿದ ವಾಕ್ಯ ಮತ್ತು ಅದರಿಂದ ತೆಗೆದ ಅರ್ಥ ಎರಡನ್ನೂ ಬರೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಇಡೀ ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದೆ. ಇದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ಕೇಳಿಕೊಳ್ಳುತ್ತಿದ್ದೆ. ಅಷ್ಟಕ್ಕೇ ಎಷ್ಟೋ ತಿಳಿಯಾಗುತ್ತಿತ್ತು.

ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಯೆರೆಮೀಯ 29:11 ಇತ್ತು, ಒಳ್ಳೇ ಗತಿ ಕೊಡುತ್ತೇನೆ ಎನ್ನುವ ಮಾತು. ಈ ವರ್ಷವೇ ಬಾಗಿಲು ತೆರೆಯುತ್ತದೆ ಎಂದು ಬೋಧಕರು ಘೋಷಿಸಿದರು. ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಕಾಗದ; ಊರಿಗೆ ಮರಳಲು 70 ವರ್ಷ ಎಂದು ಅದರ ಹಿಂದಿನ ವಾಕ್ಯದಲ್ಲೇ ಇದೆ. ಕೇಳಿದವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಕಣ್ಣು ಮುಚ್ಚಬೇಕಿತ್ತು. ಇನ್ನೂ ಒಂದು ಅಧ್ಯಾಯ ಹಿಂದೆ ಹೋದೆ. ಅಲ್ಲಿ ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಎಂದು ಹನನ್ಯ ಸಾರುತ್ತಾನೆ. ಅವನನ್ನೇ ಸುಳ್ಳು ಪ್ರವಾದಿ ಎಂದು ಯೆರೆಮೀಯ ಎದುರಿಸಿದ್ದು. ಓದುವಾಗ ಮೈ ಜುಮ್ಮೆಂದಿತು.

ನಂಬಿದವರಿಗೆ ದೇವರು ಸಿರಿ ಕೊಡುತ್ತಾನೆ ಎನ್ನುವ ಐಶ್ವರ್ಯದ ಬೋಧನೆಗೆ ಆಧಾರವಾಗಿ 3 ಯೋಹಾನ 2 ಪದೇ ಪದೇ ಬರುತ್ತದೆ, ನೀನು ಎಲ್ಲದರಲ್ಲೂ ಸುಕ್ಷೇಮವಾಗಿ ಆರೋಗ್ಯದಿಂದಿರಲಿ ಎನ್ನುವ ಮಾತು. ಅದು ಆ ಕಾಲದ ಕಾಗದಗಳಲ್ಲಿ ಬರೆಯುತ್ತಿದ್ದ ಕುಶಲದ ಮಾತು, ನಾವು "ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ" ಎಂದು ಬರೆಯುತ್ತಿದ್ದೆವಲ್ವಾ, ಹಾಗೆ. ಇದನ್ನು ಒತ್ತಿ ಹೇಳಿದ ವಿದ್ವಾಂಸ ಗೋರ್ಡನ್ ಫೀ ಸ್ವತಃ ಪೆಂತೆಕೊಸ್ತ್ ಸಭೆಯವರಾಗಿದ್ದರು, ಅಂದರೆ ಆತ್ಮನ ವರಗಳಿಗೆ ಒತ್ತು ಕೊಡುವ ಸಭೆಯವರೇ. ಹೊರಗಿನವರ ಟೀಕೆಯಾಗಿದ್ದರೆ ಕ್ಲಾಸಿನ ಹುಡುಗರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅನ್ಯಭಾಷೆ ಬಗ್ಗೆ ನನ್ನ ತಪ್ಪೂ ಸಿಕ್ಕಿತು. ಎಲ್ಲರೂ ಅನ್ಯಭಾಷೆ ಆಡುತ್ತಾರೇನು ಎಂದು ಪೌಲ 1 ಕೊರಿಂಥ 12:30ರಲ್ಲಿ ಕೇಳುತ್ತಾನೆ, ಆದ್ದರಿಂದ ಅದು ಬಾರದವನಿಗೆ ಆತ್ಮನಿಲ್ಲ ಅನ್ನುವಂತಿಲ್ಲ. ಆದರೆ 14:39ರಲ್ಲಿ ಅದಕ್ಕೆ ಅಡ್ಡಿ ಮಾಡಬೇಡಿ ಎಂದೂ ಇದೆ. ವರ್ಷಗಟ್ಟಲೆ ಕ್ಲಾಸಿನಲ್ಲಿ ಆ ವಾಕ್ಯವನ್ನು ನಾನೇ ದಾಟಿಸಿಬಿಟ್ಟಿದ್ದೆ.

ಹೋದ ತಿಂಗಳು ಕೂಟದ ಯುವ ಬೋಧಕರೊಬ್ಬರನ್ನು ಬುಧವಾರದ ಕ್ಲಾಸಿಗೆ ಕರೆದೆ. ಪ್ರವಾದನೆ ಹೇಳಿದರೆ ಉಳಿದವರು ವಿವೇಚಿಸಲಿ ಎನ್ನುವ 1 ಕೊರಿಂಥ 14:29 ಅನ್ನು ಅವರೇ ಓದಿದರು. ನಂತರ 39ನೆಯದನ್ನು ನಾನು ಓದಿದೆ. ಚಿಗವ್ವ ಮುಂದಿನ ಬೆಂಚಿನಲ್ಲಿ ಕೂತಿದ್ದಳು.