ಗಿನಿಪಿಗ್ ಮೇವು ಬಿಟ್ಟರೆ

ನಮ್ಮ ಮನೆಯಲ್ಲಿ ಎರಡು ಗಿನಿಪಿಗ್ ಇವೆ. ಕಂದು ಬಣ್ಣದವಳು ಬೆಲ್ಲ, ಬಿಳಿಯವಳು ಅವಲಕ್ಕಿ. ಹೆಸರಿಟ್ಟವನು ಮಗ, ಗೂಡು ಗುಡಿಸುವವಳು ನಾನು. ಮೈಸೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗೂಡು ಮಷೀನಿನ ಪಕ್ಕದಲ್ಲೇ ಇರುವುದರಿಂದ ದಿನವಿಡೀ ಅವುಗಳದೇ ಸಂಗ. ಕೊತ್ತಂಬರಿ ಸೊಪ್ಪಿನ ಕವರ್ ಸರಪರ ಅಂದರೆ ಸಾಕು, ಎರಡೂ ಸರಳಿಗೆ ಮೂತಿ ಇಟ್ಟು 'ವೀಕ್ ವೀಕ್' ಅಂತ ಬೀದಿಗೆ ಕೇಳುವ ಹಾಗೆ ಕೂಗುತ್ತವೆ. ಕಳೆದ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಕವರ್ ಬಿಚ್ಚಿದಾಗ ಕೇಳಿದ್ದು ಒಂದೇ ದನಿ.

ಬೆಲ್ಲ ಸುಮ್ಮನಿದ್ದಳು. ಚಳಿಗೆ ಮುದುಡಿ ಕೂತಿರಬೇಕು ಅಂದುಕೊಂಡೆ. ಸಂಕ್ರಾಂತಿಗೆ ಕೊಡಬೇಕಾದ ಹನ್ನೊಂದು ಬ್ಲೌಸ್ ಬಾಕಿ ಇದ್ದವು. ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ನಾಯಿ ಒಂದು ದಿನ ಊಟ ಬಿಟ್ಟರೆ ಕಾದು ನೋಡಬಹುದು. ಗಿನಿಪಿಗ್ ವಿಷಯ ಹಾಗಲ್ಲ. ಅದರ ಕರುಳು ಸದಾ ನಾರು ತುಂಬಿಕೊಂಡು ಓಡುತ್ತಲೇ ಇರಬೇಕು. ಹುಲ್ಲು ಹುಳಿತು ಜೀರ್ಣವಾಗುವುದು ಹೊಟ್ಟೆಯ ಹಿಂಭಾಗದ ದೊಡ್ಡ ಚೀಲದಲ್ಲಿ. ಮೇವು ನಿಂತರೆ ಆ ಚೀಲ ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ನೋವಾಗುತ್ತದೆ. ನೋವಿಗೆ ಇನ್ನಷ್ಟು ಮೇವು ಬಿಡುತ್ತದೆ. ವಾಂತಿ ಮಾಡಿಕೊಂಡು ಹಗುರಾಗೋಣ ಅಂದರೆ ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಹನ್ನೆರಡು ಗಂಟೆ ಏನೂ ತಿಂದಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆಯಾಗಿದ್ದರೆ ಅದು ತುರ್ತು. ಮೈ ತುಂಬಿಕೊಂಡ ಪ್ರಾಣಿಯಾದರೆ ಉಪವಾಸದಲ್ಲಿ ಯಕೃತ್ತಿಗೆ ಕೊಬ್ಬು ಇಳಿದು ಅದೂ ಕೆಡುತ್ತದೆ.

ಮರುದಿನ ತಕ್ಕಡಿ ತೆಗೆದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಬೆಲ್ಲ. ಹಿಂದಿನ ಭಾನುವಾರ 934 ಗ್ರಾಂ ಇದ್ದವಳು ಈಗ 868. ಆ ತುಪ್ಪಳದಡಿ 66 ಗ್ರಾಂ ಕರಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕಾಡಿನಲ್ಲಿ ಇನ್ನೊಬ್ಬರ ಬಾಯಿಗೆ ತುತ್ತಾಗುವ ಜಾತಿ ಇದು, ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತದೆ. ಹಾಗಾಗಿ ಆರೋಗ್ಯವಾಗಿದ್ದಾಗ ವಾರಕ್ಕೊಮ್ಮೆ, ಹುಷಾರಿಲ್ಲದಾಗ ದಿನಾ ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಐವತ್ತು ಗ್ರಾಂ ಇಳಿದರೆ ಕಣ್ಣಿಡಬೇಕು. ನೂರಕ್ಕೆ ಹತ್ತರಷ್ಟು ಇಳಿದರೆ ಅಪಾಯ.

ಇನ್ನೊಂದು ನೋಡಬೇಕಾದ್ದು ಹಿಕ್ಕೆ. ತುಂಬಾ ಜನ ಮೂಗು ಮುಚ್ಚಿಕೊಂಡು ಗುಡಿಸಿಬಿಡುತ್ತಾರೆ. ನಾನು ಈಗ ಎಣಿಸುವಷ್ಟರ ಮಟ್ಟಿಗೆ ನೋಡುತ್ತೇನೆ. ಚೆನ್ನಾಗಿ ತಿನ್ನುವ ಗಿನಿಪಿಗ್ಗಿನ ಹಿಕ್ಕೆ ಉದ್ದ ಅಕ್ಕಿಕಾಳನ್ನು ದಪ್ಪ ಮಾಡಿದ ಹಾಗೆ, ಎಲ್ಲವೂ ಒಂದೇ ಅಳತೆ. ಬೆಲ್ಲಳದು ಅವತ್ತು ಸಾಸಿವೆ ಗಾತ್ರಕ್ಕೆ ಇಳಿದಿತ್ತು, ಬೆಳಿಗ್ಗೆಯಿಂದ ಏಳೋ ಎಂಟೋ ಅಷ್ಟೇ. ಒಂದೂ ಇಲ್ಲ, ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿದಿದೆ ಅಂದರೆ ಮನೆಯಲ್ಲಿ ಏನೂ ತಿನ್ನಿಸಬೇಡಿ, ಸೀದಾ ಆಸ್ಪತ್ರೆಗೆ ಓಡಿ. ಗಾಳಿ ತುಂಬಿದ ಹೊಟ್ಟೆಗೆ ಇನ್ನಷ್ಟು ತುರುಕಿದರೆ ಕೈ ಮೀರುತ್ತದೆ.

ಇನ್ನು 'ಮೇವು ಬಿಟ್ಟಿದೆ' ಅನ್ನುವುದರಲ್ಲೇ ಎರಡು ಬಗೆ ಇದೆ, ಇದು ನನಗೆ ಆಮೇಲೆ ಗೊತ್ತಾಗಿದ್ದು. ಮೇವಿನ ಹತ್ತಿರವೇ ಬರದೆ, ಬೆನ್ನು ಗೂನು ಮಾಡಿ, ರೋಮ ನಿಗುರಿಸಿಕೊಂಡು ಮೂಲೆಯಲ್ಲಿ ಹಲ್ಲು ಕಡಿಯುತ್ತಾ ಕೂತರೆ ಹೊಟ್ಟೆಯದೋ ಮೂತ್ರದ ಕಲ್ಲಿನದೋ ಎದೆ ಸೋಂಕಿನದೋ ಇರಬಹುದು. ಹತ್ತಿರ ಬಂದು, ಬಾಯಿಗೂ ತೆಗೆದುಕೊಂಡು, ಬಿಟ್ಟುಬಿಟ್ಟರೆ ತೊಂದರೆ ಬಾಯಲ್ಲೇ. ಬೆಲ್ಲಳನ್ನು ಕುಳಿತು ನೋಡಿದೆ. ಕೊತ್ತಂಬರಿ ದಂಟಿನ ತುದಿ ಹಿಡಿದಳು, ನಾಲ್ಕು ಸಲ ದವಡೆ ಆಡಿಸಿದಳು, ತಲೆ ಓರೆ ಮಾಡಿದಳು, ದಂಟು ಒದ್ದೆಯಾಗಿ ಹಾಗೇ ಕೆಳಗೆ ಬಿತ್ತು. ಮತ್ತೆ ಎತ್ತಿಕೊಂಡಳು, ಮತ್ತೆ ಬಿತ್ತು. ಗದ್ದದ ಕೆಳಗೆ ಬೆರಳಿಟ್ಟರೆ ಜೊಲ್ಲಿನಿಂದ ತೊಪ್ಪೆ. ಹಸಿವಿತ್ತು, ಅಗಿಯಲು ಆಗುತ್ತಿರಲಿಲ್ಲ. ಇಂಥದ್ದನ್ನು ಒಂದು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ನೂರು ಮಾತಿಗಿಂತ ಅದು ಉಪಯೋಗ.

ಮೊದಲು ಹೋಗಿದ್ದು ಮನೆ ಹತ್ತಿರದ ಕ್ಲಿನಿಕ್ಕಿಗೆ. ಅಲ್ಲಿ ಬರುವುದೆಲ್ಲ ನಾಯಿ, ಬೆಕ್ಕು. ಬಾಯಿಯನ್ನೂ ನೋಡದೆ ಒಂದು ಸಿರಪ್ ಬರೆದುಕೊಟ್ಟರು. ಮೆಡಿಕಲ್ ಸ್ಟೋರಿನಲ್ಲಿ ಬಾಟಲಿ ನೋಡಿದರೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್. ಮಗನಿಗೆ ಗಂಟಲು ನೋವಿಗೆ ಕೊಟ್ಟಿದ್ದು ಅದೇ. ಯಾಕೋ ಅನುಮಾನ ಬಂದು ಬೆಂಗಳೂರಿನಲ್ಲಿ ಮೊಲ, ಗಿಳಿ, ಆಮೆ ನೋಡುವ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. "ಒಂದು ಹನಿಯೂ ಹಾಕಬೇಡಿಮ್ಮ" ಅಂದರು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಬಾಯಿಂದ ಕೊಟ್ಟರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಕಕ್ಕುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಪ್ರಾಣವೇ ಹೋಗುತ್ತದೆ. ಈ ನಾಲ್ಕು ಹೆಸರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಮ್ಮ ಮಾತ್ರೆ ಡಬ್ಬಿಯಿಂದ ನೋವಿನ ಮಾತ್ರೆ ಮುರಿದು ಕೊಡುವ ಬುದ್ಧಿಯಂತೂ ಬೇಡವೇ ಬೇಡ.

ಬೆಂಗಳೂರಿನ ಡಾಕ್ಟರ ಬಳಿಗೆ ಹೋಗಲು ಮರುದಿನ ಬೆಳಗಿನವರೆಗೆ ಸಮಯ ಇತ್ತು. ಅಲ್ಲಿಯವರೆಗೆ ಸಿರಿಂಜಿನಲ್ಲಿ ತಿನ್ನಿಸಿ ಅಂದರು. ಪ್ರಾಣ ಉಳಿಸಿದ್ದು ಅದು, ಹಾಗಾಗಿ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹುಲ್ಲು ತಿನ್ನುವ ಪ್ರಾಣಿಗಳಿಗೆಂದೇ ಪುಡಿ ಆಹಾರ ಸಿಗುತ್ತದೆ, ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಅಂಥದ್ದು. ಆ ರಾತ್ರಿ ನನ್ನ ಬಳಿ ಇರಲಿಲ್ಲ. ಅವು ದಿನಾ ತಿನ್ನುವ ಪೆಲೆಟ್ಟನ್ನೇ (ಗುಳಿಗೆಯ ಹಾಗಿರುವ ಒಣ ಮೇವು) ಮಿಕ್ಸಿಯ ಚಿಕ್ಕ ಜಾರಿನಲ್ಲಿ ಒಣದಾಗಿಯೇ ನುಣ್ಣಗೆ ಪುಡಿ ಮಾಡಿದೆ. ಬೀಜ, ಬಣ್ಣದ ತುಂಡು ಬೆರೆತ ಪೆಲೆಟ್ ಆಗಬಾರದು. ಬಿಸಿನೀರು ಹಾಕಿ ಇಪ್ಪತ್ತು ನಿಮಿಷ ಬಿಟ್ಟರೆ ಉಬ್ಬುತ್ತದೆ. ಆಮೇಲೆ ಇಡ್ಲಿ ಹಿಟ್ಟಿಗಿಂತ ಒಂದು ಸುತ್ತು ತೆಳುವಾಗುವಷ್ಟು ನೀರು. ಬೆರಳಿಗೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅಲ್ಲ. ಟೀ ಸೋಸುವ ಜಾಲರಿಯಲ್ಲಿ ಮಾತ್ರ ಸೋಸಬೇಡಿ, ಬೇಕಾದ ನಾರೆಲ್ಲ ಮೇಲೇ ಉಳಿಯುತ್ತದೆ. ನಾನು ಮೊದಲ ಸಲ ಸೋಸಿ ಕೆಡಿಸಿದೆ.

ಒಂದು ಎಂಎಲ್ಲಿನ ಸಿರಿಂಜು ತನ್ನಿ, ಸೂಜಿ ಇಲ್ಲದ್ದು. ಅದರ ಸಣ್ಣ ಮೂತಿಯಲ್ಲಿ ಹಿಟ್ಟು ಕಟ್ಟಿಕೊಳ್ಳುತ್ತದೆ. ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಬೆಂಕಿಪೊಟ್ಟಣದ ಪಟ್ಟಿಗೆ ಉಜ್ಜಿ ನುಣುಪು ಮಾಡಿ, ತೊಳೆದುಕೊಂಡೆ. ನಾಲ್ಕೈದು ಸಿರಿಂಜು ಮೊದಲೇ ತುಂಬಿಟ್ಟುಕೊಂಡರೆ ನಡುವೆ ಏಳುವ ಗೋಳಿಲ್ಲ.

ಹಿಡಿಯುವುದಕ್ಕೆ ನಾನು ಬಳಸಿದ್ದು ಲೈನಿಂಗ್ ಬಟ್ಟೆಯ ಮೀಟರ್ ತುಂಡು. ಕೂಸಿಗೆ ಸುತ್ತುವ ಹಾಗೆ ಮುಂಗಾಲು ಒಳಗೆ ಸೇರಿಸಿ ಸುತ್ತಿ, ತೊಡೆಯ ಮೇಲೆ ಹೊಟ್ಟೆ ಕೆಳಗಾಗಿಯೇ ಕೂರಿಸಿಕೊಳ್ಳಿ. ಬೆನ್ನ ಮೇಲೆ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಚಿಹಲ್ಲಿನ ಹಿಂದೆ, ದವಡೆಹಲ್ಲಿನ ಮುಂದೆ ಒಂದು ಖಾಲಿ ಜಾಗ ಇದೆ. ಸಿರಿಂಜನ್ನು ಬಾಯಿಯ ಪಕ್ಕದಿಂದ ಅಲ್ಲಿಗೆ ತೂರಿಸಿ. ನೇರ ಎದುರಿನಿಂದ ಬೇಡ. ಕಾಲು ಎಂಎಲ್ ಒತ್ತಿ, ನಿಲ್ಲಿಸಿ. ದವಡೆ ಆಡಿ ನುಂಗಿದ್ದು ಕಂಡ ಮೇಲೆಯೇ ಮುಂದಿನ ಕಾಲು. ನಾನು ಅವಸರದ ಹೆಂಗಸು, ಎರಡನೇ ಸಲಕ್ಕೇ ಇಡೀ ಎಂಎಲ್ ಒತ್ತಿಬಿಟ್ಟೆ. ಕೆಮ್ಮಿ, ಮೂಗಿನಿಂದ ಹಸಿರು ಗುಳ್ಳೆ ಬಂತು, ನನ್ನ ಜೀವ ಬಾಯಿಗೆ ಬಂತು. ಬಟ್ಟೆ ಸಡಿಲಿಸಿ ಬಿಟ್ಟೆ, ಒರೆಸಿದೆ, ಹತ್ತು ನಿಮಿಷ ಇಬ್ಬರೂ ಸುಧಾರಿಸಿಕೊಂಡೆವು.

ಲೆಕ್ಕ ಹೀಗೆ. ಪೂರ್ತಿ ಮೇವು ಬಿಟ್ಟಿದ್ದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 80 ಎಂಎಲ್. ಬೆಲ್ಲಳಿಗೆ 60ರ ಸುಮಾರು ಗುರಿ ಇಟ್ಟುಕೊಂಡು ಆರು ಹೊತ್ತು ಮಾಡಿದೆ. ಕೊನೆಯದು ರಾತ್ರಿ ಹನ್ನೆರಡಕ್ಕೆ, ಮೊದಲನೆಯದು ಬೆಳಿಗ್ಗೆ ಐದಕ್ಕೆ, ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಶುರುವಾಗುವಾಗ. ಒಂದು ಹೊತ್ತಿಗೆ ಹತ್ತು ಎಂಎಲ್, ಅದಕ್ಕೆ ಇಪ್ಪತ್ತೈದು ನಿಮಿಷ. ನಡುನಡುವೆ ಬೇರೆ ಸಿರಿಂಜಿನಲ್ಲಿ ನೀರು. ಉಳಿದ ಹಿಟ್ಟನ್ನು ಮುಂದಿನ ಹೊತ್ತಿಗೆ ಇಡಬೇಡಿ, ಹುಳಿಯಾಗುತ್ತದೆ. ಪ್ರತಿ ಸಲ ಗದ್ದ ಒರೆಸಿ ಒಣಗಿಸಿ, ಇಲ್ಲವಾದರೆ ಅಲ್ಲಿ ಚರ್ಮ ಹುಣ್ಣಾಗುತ್ತದೆ.

ಅತ್ತೆ ಇದನ್ನೆಲ್ಲ ನೋಡುತ್ತಾ ಕೂತಿದ್ದರು. "ಅಲ್ಲ ಕಣೇ, ಒಂದು ಲೋಟ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಸಿದ್ರೆ ಆಗಲ್ವಾ?" ಅಂದರು. ಮನುಷ್ಯರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಗಿನಿಪಿಗ್ಗಿಗೆ ಹಾಲು, ಮೊಸರು, ಮಜ್ಜಿಗೆ ಸಲ್ಲದು. ರಾಗಿ, ಅನ್ನ, ಬ್ರೆಡ್ಡಿನ ಪಿಷ್ಟ ಹೊಟ್ಟೆಯಲ್ಲಿ ಹುಳಿತು ಗಾಳಿಯಾಗುತ್ತದೆ. ಅತ್ತೆಗೆ ಬೇಜಾರಾಯಿತು, ಆದರೂ ಮಧ್ಯಾಹ್ನ ಒಂದು ಗಂಟೆಯ ಸಿರಿಂಜು ಅವತ್ತಿನಿಂದ ಅವರದೇ ಆಯಿತು. ನನಗಿಂತ ಅವರ ಕೈ ನಿಧಾನ, ಬೆಲ್ಲಳಿಗೂ ಅವರೇ ಇಷ್ಟ.

ಬೆಂಗಳೂರಿನ ದಾರಿಯಲ್ಲಿ ಅವಲಕ್ಕಿಯನ್ನೂ ಅದೇ ಬುಟ್ಟಿಯಲ್ಲಿ ಒಯ್ದೆ. ಜೊತೆಗಾತಿ ಇದ್ದರೆ ಹೆದರಿಕೆ ಕಡಿಮೆ. ಅಂಟುವ ಕಾಯಿಲೆಯ ಅನುಮಾನ ಇದ್ದರೆ ಮಾತ್ರ ಬೇರೆ ಇಡಬೇಕು. ಚಳಿ ಇದ್ದುದರಿಂದ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಬುಟ್ಟಿಯ ಒಂದೇ ಬದಿಗೆ ಇಟ್ಟಿದ್ದೆ, ಸೆಕೆಯಾದರೆ ಆಚೆ ಬದಿಗೆ ಸರಿಯಲಿ ಅಂತ. ಬೇಸಿಗೆಯಾಗಿದ್ದರೆ ಲೆಕ್ಕ ಉಲ್ಟಾ, 30 ಡಿಗ್ರಿ ಬಿಸಿಯನ್ನೇ ಇವು ತಡೆಯುವುದು ಕಷ್ಟ. ಅರಿವಳಿಕೆ ಕೊಡುತ್ತಾರಲ್ಲ, ರಾತ್ರಿಯಿಂದ ಉಪವಾಸ ಇಡಬೇಕೇನೋ ಅಂತ ಕೇಳಿದ್ದೆ. ಖಂಡಿತ ಬೇಡ, ಹೊರಡುವ ಮುಂಚೆಯೂ ತಿನ್ನಿಸಿ ಅಂದಿದ್ದರು.

ಬಾಯಿಯೊಳಗೆ ದೀಪ ಬಿಟ್ಟು ನನಗೂ ತೋರಿಸಿದರು. ಗಿನಿಪಿಗ್ಗಿಗೆ ಇಪ್ಪತ್ತು ಹಲ್ಲು, ಇಪ್ಪತ್ತೂ ಜೀವಮಾನವಿಡೀ ಬೆಳೆಯುತ್ತವೆ. ಕೆಳಗಿನ ದವಡೆಹಲ್ಲು ಎರಡೂ ಕಡೆಯಿಂದ ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟಿದ್ದವು. ನಾಲಿಗೆ ಅದರಡಿ ಸಿಕ್ಕಿಕೊಂಡರೆ ನುಂಗುವುದು ಹೇಗೆ? ಅರಿವಳಿಕೆ ಕೊಟ್ಟು ಉಜ್ಜಿ ತಗ್ಗಿಸಿದರು. ನೋವಿಗೆ ಮೆಲಾಕ್ಸಿಕಾಮ್ ಹನಿ ಕೊಟ್ಟರು, ಪ್ರಮಾಣ ಅವರು ಬರೆದಷ್ಟೇ. ನೋವು ಇಳಿಯದೆ ಹಸಿವು ಹುಟ್ಟುವುದಿಲ್ಲ.

"ಹುಲ್ಲು ಎಷ್ಟು ಹಾಕುತ್ತೀರಿ?" ಅಂತ ಕೇಳಿದಾಗ ತಲೆ ತಗ್ಗಿಸಿದೆ. ಪೆಲೆಟ್, ಕ್ಯಾರೆಟ್ ಜಾಸ್ತಿ, ಹುಲ್ಲು ನೆಪಕ್ಕೆ. ಹಲ್ಲು ಸವೆಯುವುದು ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ. ಆಮದಿನ ತಿಮೋತಿ ಹುಲ್ಲು ದುಬಾರಿ, ಆದರೆ ಗಣಪತಿಗೆ ಏರಿಸುವ ಗರಿಕೆ ನಮ್ಮಲ್ಲಿ ಧಾರಾಳ. ಔಷಧಿ ಹೊಡೆಯದ ಜಾಗದ್ದು ತಂದು, ತೊಳೆದು, ನೀರಾರಿಸಿ ಹಾಕುತ್ತೇನೆ. ಒಣಹುಲ್ಲಂತೂ ಗೂಡಿನಲ್ಲಿ ಹಗಲೂ ರಾತ್ರಿ ಇರಲೇಬೇಕು.

ವಿಟಮಿನ್ ಸಿ ಮರೆಯಬೇಡಿ. ನಮ್ಮ ಹಾಗೆಯೇ ಅವಕ್ಕೂ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬರಿಸಿ ತೋರಿಸಿದ್ದರಂತೆ, ಮಗ ಓದಿ ಹೇಳಿದ. ಕೊರತೆಯಾದರೆ ಕೀಲು ಊದಿ, ನಡೆಯಲಾರದೆ, ಮೇವು ಬಿಡುತ್ತವೆ. ಆರೋಗ್ಯವಾಗಿದ್ದಾಗ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ, ಕಾಯಿಲೆಯಲ್ಲಿ ಡಾಕ್ಟರು 50ರವರೆಗೂ ಹೇಳುತ್ತಾರೆ. ನೀರಿನ ಬಾಟಲಿಗೆ ಹಾಕಿದರೆ ಬೇಗ ಕೆಡುತ್ತದೆ. ಸಿರಿಂಜಿನಲ್ಲೇ ಕೊಡಿ. ಹುಷಾರಾದ ಮೇಲೆ ದಿನಾ ಒಂದು ಹೋಳು ದಪ್ಪ ಮೆಣಸಿನಕಾಯಿ ಸಾಕು.

ಹಲ್ಲು ಸರಿಯಾದ ಕೂಡಲೇ ತಿನ್ನುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ದವಡೆಗೆ ಹಳೇ ನೋವಿನ ನೆನಪು. ತೂಕ 842ಕ್ಕೆ ಇಳಿಯಿತು. ಐದನೇ ದಿನ ಕೊತ್ತಂಬರಿ ಎಲೆಯನ್ನು ದಾರದಷ್ಟು ಸಣ್ಣಗೆ ಕತ್ತರಿಸಿ ಇಟ್ಟಾಗ ನಾಲ್ಕೆಳೆ ಒಳಗೆ ಹೋಯಿತು. ಎಂಟನೇ ದಿನ ಹುಲ್ಲು. ತಾನಾಗಿ ತಿನ್ನಲು ಶುರು ಮಾಡಿತು ಅಂತ ಸಿರಿಂಜನ್ನು ಒಮ್ಮೆಲೇ ನಿಲ್ಲಿಸಬೇಡಿ. ಒಂದು ಹೊತ್ತು ಕಡಿಮೆ ಮಾಡಿ, ಎರಡು ದಿನ ತೂಗಿ, ಇಳಿಯದಿದ್ದರೆ ಇನ್ನೊಂದು ಹೊತ್ತು. ನಮ್ಮಲ್ಲಿ ಕೊನೆಗೆ ಉಳಿದದ್ದು ಅತ್ತೆಯ ಮಧ್ಯಾಹ್ನದ ಸಿರಿಂಜು, ಅದನ್ನು ಬಿಡಿಸುವುದೇ ಕಷ್ಟವಾಯಿತು.

ಸಂಕ್ರಾಂತಿಯ ಬೆಳಿಗ್ಗೆ ತಕ್ಕಡಿ 871 ತೋರಿಸಿತು. ಬ್ಲೌಸುಗಳಲ್ಲಿ ನಾಲ್ಕಕ್ಕೆ ಇನ್ನೂ ಕತ್ತರಿ ಬಿದ್ದಿರಲಿಲ್ಲ.